ನನ್ನ ಅಂಗಿಯೂ ಗಂಗಿಯ ತೂಕವೂ

ನಮ್ಮ ಮನೆಯಲ್ಲಿ ಕೂಸು ಹುಟ್ಟಿದ ದಿನದಿಂದ ನನ್ನ ಬಟ್ಟೆಗಳು ಒಂದೊಂದಾಗಿ ಕಣ್ಮರೆಯಾಗತೊಡಗಿದವು.

ಮೊದಲು ಹೋದದ್ದು ಪಂಚೆಗಳು. ಉಟ್ಟುಕೊಳ್ಳೋಣ ಎಂದು ಹುಡುಕಿದರೆ ಅವು ಹಿತ್ತಲ ತಂತಿಯ ಮೇಲೆ ತುಂಡು ತುಂಡಾಗಿ, ಉಚ್ಚೆ ಬಟ್ಟೆಗಳೆಂಬ ಹೊಸ ಹೆಸರಿನಲ್ಲಿ ಒಣಗುತ್ತಿದ್ದವು. ಆಮೇಲೆ ನನ್ನ ಚೌಕಳಿ ಲುಂಗಿ ತೊಲೆಗೆ ನೇತುಬಿದ್ದು ಜೋಲಿಯಾಯಿತು. ಮದುವೆಯ ಹೊಸತರಲ್ಲಿ ಹೊಲಿಸಿದ್ದ ಬಿಳಿ ಅಂಗಿ ಮೂರು ಜಬಲಗಳ ಅವತಾರ ಎತ್ತಿತು. ಬನಿಯನ್ನುಗಳ ಕೆಳಭಾಗ ಕತ್ತರಿಸಿಕೊಂಡು ಹೆಂಡತಿ ಕುಲಾವಿ ಹೊಲಿದಳು. (ಮೇಲ್ಭಾಗವನ್ನು ಉದಾರವಾಗಿ ನನಗೇ ಬಿಟ್ಟುಕೊಟ್ಟಳು. ಹೊಕ್ಕಳ ಮೇಲೇ ನಿಲ್ಲುವ ಬನಿಯನ್ನು ಚಳ್ಳಕೆರೆಯ ಬಿಸಿಲಿಗೆ ಬಹಳ ಹಿತ ಎಂಬುದು ಅವಳ ವಾದ.)

ಇಷ್ಟೆಲ್ಲ ಮಾಡಿದ ಮಹಾತಾಯಿ ನನ್ನ ಧರ್ಮಪತ್ನಿ ಜ್ಯೋತಿಲಕ್ಷ್ಮಿ, ಮೊಳಕಾಲ್ಮೂರಿನ ಮಗಳು. ಕೇಳಿದರೆ ಶಾಸ್ತ್ರ ಹೇಳುತ್ತಾಳೆ. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕಬಾರದು, ಉಟ್ಟು ಒಗೆದು ಮೆತ್ತಗಾದ ಹಳೇ ಬಟ್ಟೆಯೇ ಆಗಬೇಕು. ಶಾಸ್ತ್ರವೇನೋ ನಿಜ. ಆದರೆ ಲೋಕದವರೆಲ್ಲ ನಾಮಕರಣದವರೆಗೆ ಪಾಲಿಸುವ ಇದನ್ನು ನನ್ನ ಹೆಂಡತಿ ಕೂಸು ಕಾಲೇಜಿಗೆ ಹೋಗುವವರೆಗೂ ಎಳೆಯುವ ಹುನ್ನಾರದಲ್ಲಿದ್ದಳು. ಎಂಟು ತಿಂಗಳಾದರೂ ನಮ್ಮ ಗಂಗಾಂಬಿಕಾ (ಹೆಸರು ನನ್ನ ಅವ್ವನದು, ಕರೆಯುವುದು ಗಂಗಿ) ಅಂಗಡಿಯ ಫ್ರಾಕು ಕಂಡಿರಲಿಲ್ಲ.

ಹೊಗಳಬಾರದು ಎಂದು ಶಪಥ ಮಾಡಿ ಕೂತರೂ ಈ ಹೆಂಗಸಿನ ವಿಷಯದಲ್ಲಿ ನನ್ನ ಶಪಥ ನಿಲ್ಲುವುದಿಲ್ಲ. ನಾನು ತೋಟಪ್ಪ ಸಾಹುಕಾರರ ಎಣ್ಣೆ ಮಿಲ್ಲಿನ ಗುಮಾಸ್ತ. ನನ್ನ ಸಂಬಳ ತಿಂಗಳ ಮೊದಲ ವಾರದಲ್ಲೇ ಏದುಸಿರು ಬಿಡುವಂಥದು. ಅದನ್ನು ಮಾತಾಡಿಸಿ, ಪುಸಲಾಯಿಸಿ, ಕೊನೆಯ ದಿನದವರೆಗೆ ನಡೆಸಿಕೊಂಡು ಹೋಗುವುದು ಅವಳಿಗೆ ಮಾತ್ರ ಗೊತ್ತು. ಟಿವಿಯಲ್ಲಿ ಬರುವ ಡಬ್ಬಿ ಆಹಾರದ ಕಡೆ ಅವಳು ಕತ್ತೆತ್ತಿಯೂ ನೋಡಲಿಲ್ಲ. ರಾಗಿ ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ವಸ್ತ್ರಗಾಳಿತ ಮಾಡಿ ಸರಿಹಿಟ್ಟು ತೆಗೆಯುತ್ತಾಳೆ. (ವಸ್ತ್ರ ಯಾರದು ಎಂದು ದಯವಿಟ್ಟು ಕೇಳಬೇಡಿ.) ಕೂಸಿನ ಮೈಗೆ ತಿಕ್ಕಲು ಶೇಂಗಾ ಎಣ್ಣೆ. ಆ ಹಿಟ್ಟು ತಿಂದು, ಆ ಎಣ್ಣೆ ಕುಡಿಸಿಕೊಂಡ ಮೈಯಲ್ಲಿ ಗಂಗಿ ಉರುಟುರುಟಾಗಿ ಬೆಳೆದಳು. ತೊಡೆಯ ಮೇಲೆ ಮಡಿಕೆ, ಮಡಿಕೆಯ ಮೇಲೆ ಮಡಿಕೆ.

ಒಂದೇ ಒಂದು ಚಟ ಅವಳಿಗೆ. ಮಿಲ್ಲಿನಿಂದ ಬಂದು ನಾನು ಬಿಚ್ಚಿಹಾಕಿದ ಒಂದು ಹಳೇ ಅಂಗಿ, ಶೇಂಗಾ ಎಣ್ಣೆಯ ವಾಸನೆ ಹಿಡಿದದ್ದು, ಅವಳ ಮೈಕೆಳಗೆ ಇರಲೇಬೇಕು. ಅದಿದ್ದರೆ ನಗು, ನಿದ್ದೆ, ಸಕಲವೂ. ಇಲ್ಲದಿದ್ದರೆ ಆ ಕೊರಳಿನಿಂದ ಹೊರಡುವ ನಾದ ಬಸ್‌ಸ್ಟ್ಯಾಂಡಿನವರೆಗೂ ಕೇಳುತ್ತದೆ.

ಹೀಗೆ ಬಟ್ಟೆಗೆಟ್ಟು ಬದುಕುತ್ತಿದ್ದ ನನಗೆ ಒಂದು ದಿನ ದಿವ್ಯಜ್ಞಾನವಾಯಿತು: ಸಂಬಳ ಏರಿಸಿಕೊಂಡರೆ ಅಂಗಿಗಳು ಉಳಿಯುತ್ತವೆ! ಮಾರನೆಯ ದಿನವೇ ಮುಖವನ್ನು ಸಾಧ್ಯವಾದಷ್ಟು ಜೋಲುಹಾಕಿಕೊಂಡು ಸಾಹುಕಾರರ ಕೋಣೆಗೆ ಹೋದೆ. ಅವರು ಫ್ಯಾನಿನ ಕೆಳಗೆ ಕೂತು ಮಜ್ಜಿಗೆ ಕುಡಿಯುತ್ತಿದ್ದರು.

"ಏನಲೇ ವೀರೇಶಿ, ಮುಖ ಯಾಕೆ ಹಂಗೈತೆ?"

"ಕೂಸಿಂದೇ ಚಿಂತೆ ಸಾಹುಕಾರ್ರೇ. ಡಬ್ಬಿ ಪುಡಿ ತರಾಕೆ ಕೈಲಾಗ್ತಿಲ್ಲ. ಸೊರಗಿ ಕಡ್ಡಿ ಆಗೈತೆ. ನೋಡಿದ್ರೆ ಕರುಳು ಚುರುಕ್ ಅಂತೈತೆ."

ಹೇಳುವಾಗ ನಿಜಕ್ಕೂ ನನ್ನ ಕಣ್ಣಲ್ಲಿ ನೀರಾಡಿತು. ಸಾಹುಕಾರರು ಮಜ್ಜಿಗೆಯ ಲೋಟ ಕೆಳಗಿಟ್ಟರು.

"ಅಯ್ಯೋ ಶಿವನೇ! ಮೊದ್ಲೇ ಹೇಳ್ಬಾರ್ದೇನಲೇ? ಸೋಮವಾರ ಬಾ, ಸಂಬಳದ್ದು ಒಂದು ದಾರಿ ಮಾಡಾನ. ಅಂದಂಗೆ ಭಾನುವಾರ ಕಲ್ಯಾಣ ಮಂಟಪದಾಗೆ ನಂದೊಂದು ಕಾರ್ಯಕ್ರಮ ಐತೆ. ಬರೆಯೋ ಕೆಲ್ಸ ಇರ್ತೈತೆ, ಪೆನ್ನು ತಗಂಡು ಬಂದ್ಬಿಡು."

ತೇಲುತ್ತಾ ಮನೆಗೆ ಬಂದೆ. ಜ್ಯೋತಿಲಕ್ಷ್ಮಿಯೂ ತೇಲುತ್ತಿದ್ದಳು.

"ಏನ್ರೀ, ಭಾನುವಾರ ಮಹಿಳಾ ಮಂಡಳಿಯೋರು ಕೂಸುಗಳ ಪಂದ್ಯ ಇಟ್ಟವ್ರೆ. ಡಾಕ್ಟ್ರಮ್ಮ ಬಂದು ತೂಕ ನೋಡಿ, ಯಾವ ಕೂಸು ಗಟ್ಟಿಮುಟ್ಟಾಗೈತೆ ಅಂತ ಹೇಳ್ತಾರಂತೆ. ಮೊದಲ್ನೇ ಬಹುಮಾನ ಕುಕ್ಕರ್ರು! ಗಂಗಿ ಹೆಸರು ಕೊಟ್ಟು ಬಂದೆ."

ನನ್ನ ತೇಲಾಟ ಅಲ್ಲೇ ನಿಂತಿತು.

"ಎಲ್ಲಿ? ಕಲ್ಯಾಣ ಮಂಟಪದಾಗಾ?"

"ಹೂಂ. ಬಹುಮಾನ ಕೊಡೋರು ನಿಮ್ಮ ಸಾಹುಕಾರ್ರೇ."

ನನ್ನ ಸ್ಥಿತಿಯನ್ನು ಓದುಗರು ಊಹಿಸಿಕೊಳ್ಳಬೇಕು. ಕಡ್ಡಿಯಂತೆ ಸೊರಗಿದ ಕೂಸು ಭಾನುವಾರ ಗಟ್ಟಿಮುಟ್ಟಿನ ಪಂದ್ಯಕ್ಕೆ ಇಳಿದರೆ ಸೋಮವಾರ ನನ್ನ ಸಂಬಳದ ಗತಿ? ಕೈಗೆ ಸಿಕ್ಕಿದ ಬಾಣಗಳನ್ನೆಲ್ಲ ಬಿಟ್ಟೆ.

"ಬ್ಯಾಡ ಕಣೆ, ದೃಷ್ಟಿ ಆಗ್ತೈತೆ."

"ಕೆನ್ನೆಗೆ ದೊಡ್ಡ ಬೊಟ್ಟು ಇಡ್ತೀನಿ."

"ಜನ ಜಾಸ್ತಿ ಇರ್ತಾರೆ, ನೆಗಡಿ ಗಿಗಡಿ..."

"ನಿಮ್ಮ ಬನಿಯನ್ ಕುಲಾವಿ ಐತಲ್ಲ."

"ಒಂದು ಕುಕ್ಕರ್‌ಗೋಸ್ಕರ ನಮ್ಮ ಕೂಸನ್ನ ತೂಕಕ್ಕಿಡೋದಾ? ಮಾನ ಮರ್ಯಾದೆ ಬ್ಯಾಡ್ವಾ?"

ಅವಳು ಒಲೆಯ ಕಡೆ ಕೈ ತೋರಿಸಿದಳು. ನಮ್ಮ ಬೋರ್‌ವೆಲ್ ನೀರಿನಲ್ಲಿ ತೊಗರಿಬೇಳೆ ಎರಡು ಗಂಟೆಯಿಂದ ಕುದಿಯುತ್ತಿತ್ತು, ಬೆಂದಿರಲಿಲ್ಲ. ಸ್ಟವ್ವು ನಮ್ಮ ಸೀಮೆಎಣ್ಣೆಯನ್ನೆಲ್ಲ ಕುಡಿದು ಕೂತಿತ್ತು. ಕುಕ್ಕರ್ ಬಂದರೆ ತಿಂಗಳಿಗೆ ಉಳಿಯುವ ಸೀಮೆಎಣ್ಣೆಯ ದುಡ್ಡಿನಲ್ಲಿ ಗಂಗಿಗೆ ದಿನಾ ಒಂದು ಲೋಟ ಹಾಲು ಹೆಚ್ಚಿಗೆ ಬರುತ್ತದೆ. ಈ ಲೆಕ್ಕವನ್ನು ಅವಳು ಗಂಗಿ ಹುಟ್ಟಿದಾಗಿನಿಂದ ಹಾಕುತ್ತಿದ್ದಾಳೆಂದು ನನಗೆ ಗೊತ್ತಿತ್ತು. ವಾದದಲ್ಲಿ ಸೋತೆ. ಆದ್ದರಿಂದ ಕುತಂತ್ರಕ್ಕೆ ಇಳಿದೆ.

ಭಾನುವಾರ ಬೆಳಿಗ್ಗೆ ಗಂಗಿಯ ಪ್ರಾಣಪ್ರಿಯ ಅಂಗಿಯನ್ನು ಅಟ್ಟದ ಮೇಲೆ, ಒನಕೆಯ ಹಿಂದೆ ಬಚ್ಚಿಟ್ಟು ಮಂಟಪಕ್ಕೆ ಹೊರಟೆ. ಅಂಗಿಯಿಲ್ಲದ ಗಂಗಿ ಅಳುತ್ತಾಳೆ, ಅಳುವ ಕೂಸನ್ನು ಹೊರಗೆ ಕಳಿಸುತ್ತಾರೆ, ಸಾಹುಕಾರರು ದೂರದಿಂದ ಅಳು ಕೇಳಿ ಪಾಪ ಎನ್ನುತ್ತಾರೆ. ಯೋಜನೆ ಅಷ್ಟೇ.

ಮಂಟಪದಲ್ಲಿ ನನ್ನನ್ನು ತೂಕದ ತಕ್ಕಡಿಯ ಪಕ್ಕದಲ್ಲೇ ಕೂರಿಸಿ, ಡಾಕ್ಟರಮ್ಮ ಕೂಗಿ ಹೇಳುವ ತೂಕ ಬರೆಯಲು ಹೇಳಿದರು. ವೇದಿಕೆಯ ಮೇಲೆ ಸಾಹುಕಾರರು, ಪಕ್ಕದಲ್ಲಿ ಅವರ ಹೆಂಡತಿ ಕಮಲಾಕ್ಷಮ್ಮನವರು. ಎದುರಿಗೆ ಕೂಸುಗಳ ಸಾಲು, ಎಲ್ಲವೂ ನೈಲಾನ್ ಫ್ರಾಕು, ಜರಿ ಟೊಪ್ಪಿಗೆಗಳಲ್ಲಿ ಮಿಂಚುತ್ತಿದ್ದವು. ಆ ಸಾಲಿನ ನಡುವೆ ನನ್ನ ಬಿಳಿ ಅಂಗಿಯ ತೋಳು ತೊಟ್ಟುಕೊಂಡು, ಕೆನ್ನೆಯ ಮೇಲೆ ರೂಪಾಯಿಯಷ್ಟಗಲ ಕಪ್ಪು ಬೊಟ್ಟಿಟ್ಟುಕೊಂಡು ಗಂಗಿ ಬಂದಳು. ನನ್ನ ಯೋಜನೆಯಂತೆಯೇ ತಕ್ಕಡಿಯ ತಣ್ಣನೆಯ ತಟ್ಟೆಗೆ ಬೆನ್ನು ತಾಗಿದ್ದೇ ತಡ, ಕಿರುಚಿದಳು.

"ಮುಳ್ಳೇ ನಿಲ್ತಾ ಇಲ್ಲಮ್ಮಾ," ಎಂದರು ಡಾಕ್ಟರಮ್ಮ. "ಸಮಾಧಾನ ಮಾಡ್ಕೊಂಡು ಬನ್ನಿ. ಆಗದಿದ್ರೆ ಬಿಟ್ಟುಬಿಡಬೇಕಾಗುತ್ತೆ."

ಜ್ಯೋತಿಲಕ್ಷ್ಮಿ ಎತ್ತಿ ಆಡಿಸಿದಳು, ತಟ್ಟಿದಳು, ಕೈಚೀಲವನ್ನು ತಲೆಕೆಳಗು ಮಾಡಿ ಹುಡುಕಿದಳು. ಬೆಳಗಿನಿಂದ ಮನೆಯನ್ನೂ ಹೀಗೇ ಹುಡುಕಿರಬೇಕು, ಸೆರಗಿನ ತುಂಬ ಧೂಳಿತ್ತು. ಸಾಲು ಮುಗಿಯುತ್ತ ಬಂತು. ಅವಳು ಕಂಬಕ್ಕೆ ಒರಗಿ ನಿಂತಳು, ಕಣ್ಣು ತುಂಬಿಕೊಂಡಿತ್ತು. ಹೆರಿಗೆಯ ದಿನವೂ ಅಳದೆ, ನನಗೇ ಧೈರ್ಯ ಹೇಳಿ ಒಳಗೆ ಹೋಗಿದ್ದ ಹೆಂಗಸು ಅವಳು. ನಾನು ಪೆನ್ನು ಕೆಳಗಿಟ್ಟೆ.

ಆಗ ಅವಳ ದೃಷ್ಟಿ ನನ್ನ ಮೇಲೆ ಬಿತ್ತು. ನನ್ನ ಮೇಲಲ್ಲ, ನಾನು ತೊಟ್ಟಿದ್ದ ಅಂಗಿಯ ಮೇಲೆ. ಹಿಂದಿನ ದಿನವೆಲ್ಲ ಮಿಲ್ಲಿನಲ್ಲಿ ತೊಟ್ಟು, ಎಣ್ಣೆಯ ಗಾಳಿಯನ್ನು ಮನಸಾರೆ ಕುಡಿದಿದ್ದ ಅಂಗಿ.

"ಏನ್ರೀ, ಅಂಗಿ ಬಿಚ್ಚ್ರೀ!"

ಇಡೀ ಮಂಟಪ ನನ್ನ ಕಡೆ ತಿರುಗಿತು. ಒಂದು ಕಡೆ ಸಂಬಳ, ಒಂದು ಕಡೆ ಅವಳ ಕಣ್ಣು. ಸಂಬಳವನ್ನು ಮನಸ್ಸಿನಲ್ಲೇ ಕೈಮುಗಿದು ಕಳಿಸಿಕೊಟ್ಟೆ, ಗುಂಡಿ ಬಿಚ್ಚಿದೆ. ಅಂಗಿಯ ಕೆಳಗೆ ಏನಿತ್ತೆಂಬುದನ್ನು ಆಗಲೇ ಹೇಳಿದ್ದೇನೆ. ಹೊಕ್ಕಳ ಮೇಲೆ ನಿಂತ ಆ ಅರ್ಧ ಬನಿಯನ್ನನ್ನು ಚಳ್ಳಕೆರೆಯ ಸಮಸ್ತ ಮಹಿಳಾ ಮಂಡಳಿ ಕಣ್ತುಂಬ ನೋಡಿತು. ಕೆಲವರು ಸೆರಗನ್ನು ಬಾಯಿಗೆ ತುರುಕಿಕೊಂಡರು.

ಅಂಗಿಯನ್ನು ತಟ್ಟೆಗೆ ಹಾಸಿದರು. ಗಂಗಿ ಅದರ ಮೇಲೆ ಮಲಗಿ, ಮೂಗು ಅರಳಿಸಿ ಒಮ್ಮೆ ಮೂಸಿ, ನಕ್ಕಳು. ಆಮೇಲೆ ನಿಶ್ಚಿಂತೆಯಿಂದ ಉಚ್ಚೆ ಹೊಯ್ದಳು. ಮುಳ್ಳು ಉಳಿದೆಲ್ಲ ಕೂಸುಗಳನ್ನು ದಾಟಿ ಹೋಗಿ ನಿಂತಿತು. (ಅಂಗಿ ಹೀರಿಕೊಂಡಿದ್ದ ಎಣ್ಣೆಯ ತೂಕ ಕಳೆಯಬೇಕೆಂದು ನೈಲಾನ್ ಫ್ರಾಕಿನ ತಾಯಿಯೊಬ್ಬಳು ತಕರಾರು ತೆಗೆದಳು. ಅಂಗಿಯನ್ನು ಬೇರೆ ತೂಗಿ ಕಳೆದರೂ ಗಂಗಿಯೇ ಮೊದಲು!)

"ಏನು ತಿನ್ನಿಸ್ತೀಯಮ್ಮಾ?" ಎಂದು ಡಾಕ್ಟರಮ್ಮ ಕೇಳಿದರು. ಜ್ಯೋತಿಲಕ್ಷ್ಮಿ ರಾಗಿ ನೆನೆಸುವುದರಿಂದ ಹಿಡಿದು ವಸ್ತ್ರಗಾಳಿತದವರೆಗೆ ಹೇಳಿದಳು. ನನ್ನ ಪಂಚೆ, ಲುಂಗಿ, ಬನಿಯನ್ನುಗಳ ಚರಿತ್ರೆಯನ್ನೂ ಬಿಡಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಬೆತ್ತಲೆ ಹೊಟ್ಟೆಯಲ್ಲಿ ನಿಂತಿದ್ದರೂ ನನಗೆ ಎದೆಯುಬ್ಬಿತು. ಇಂಥವಳನ್ನು ಕಟ್ಟಿಕೊಂಡ ಪುಣ್ಯಾತ್ಮ ನಾನೇ ಎಂದು ಕೂಗಬೇಕೆನಿಸಿತು.

ಅಷ್ಟರಲ್ಲಿ ಸಾಹುಕಾರರು ವೇದಿಕೆಯಿಂದ ಇಳಿದು ಬಂದು ಗಂಗಿಯ ತೊಡೆಯ ಮಡಿಕೆಗಳನ್ನು ಎಣಿಸುವಂತೆ ನೋಡಿದರು.

"ಲೇ ವೀರೇಶಿ, ಸೊರಗಿ ಕಡ್ಡಿ ಆಗಿರೋ ಕೂಸು ಇದೇ ಏನಲೇ?"

ನಾನು ನೆಲ ನೋಡಿದೆ. ಜ್ಯೋತಿಲಕ್ಷ್ಮಿ ನನ್ನನ್ನು ನೋಡಿದಳು.

"ಸೊರಗೈತೆ ಅಂದ್ರಾ? ನನ್ನ ಕೂಸನ್ನಾ? ನಾನು ಸಾಕಿದ ಕೂಸನ್ನಾ?" ಕೋಪ ಹೆಚ್ಚಾದರೆ ಅವಳು ತವರೂರಿನ ಮಗ್ಗುಲ ಗಡಿ ದಾಟುತ್ತಾಳೆ. "ಏಮಿ ಮನಿಷಿ ಈಯನ!" ಎಂದು, ಎಂಥ ಮನುಷ್ಯ ಇವರು ಎಂಬುದನ್ನು ತೆಲುಗಿನಲ್ಲಿ ಹೇಳಿ ಹಣೆ ಚಚ್ಚಿಕೊಂಡಳು.

ಸಾಹುಕಾರರು ಜೋರಾಗಿ ನಕ್ಕರು. "ಸಿಟ್ಟಾಗಬ್ಯಾಡಮ್ಮ, ಸಂಬಳ ಕೇಳಾಕೆ ಆಟ ಆಡ್ಯಾನೆ. ನೋಡಲೇ, ಈ ಸಂಬಳದಾಗೆ ಇಂಥಾ ಕೂಸು ಬೆಳೆಸಿದ ಹೆಣ್ಣುಮಗಳು ಮನೇಲಿ ಐದಾಳೆ. ಇನ್ನೂ ಏರಿಸಿದ್ರೆ ಆಕೆ ಜಾಣತನಕ್ಕೇ ಅವಮಾನ ಮಾಡಿದಂಗೆ ಆಗ್ತೈತೆ!"

ಮನೆಗೆ ಕುಕ್ಕರ್ ಬಂತು, ಬೇಳೆ ನಾಲ್ಕು ಕೂಗಿಗೆ ಬೆಂದಿತು. ನನ್ನನ್ನು ಮಾತ್ರ ಜ್ಯೋತಿಲಕ್ಷ್ಮಿ ಇನ್ನೂ ಬೇಯಿಸುತ್ತಲೇ ಇದ್ದಳು. ಒನಕೆಯ ಹಿಂದಿನ ಅಂಗಿಯೂ ಅವಳಿಗೆ ಸಿಕ್ಕಿತ್ತು.

ಆ ವಾರ ಕಮಲಾಕ್ಷಮ್ಮನವರು ನಮ್ಮ ಮನೆಗೆ ಬಂದು ಹೋದರಂತೆ. ಸರಿಹಿಟ್ಟು ಮಾಡುವುದು ಕೇಳಲು ಬಂದಿರಬೇಕು ಎಂದುಕೊಂಡು ನಾನು ಹೆಚ್ಚು ವಿಚಾರಿಸಲಿಲ್ಲ. ಅದರ ಮಾರನೆಯ ದಿನ ಸಾಹುಕಾರರು ನನ್ನನ್ನು ಕರೆದು ಒಂದು ಗಂಟು ಕೊಟ್ಟರು. ಬಿಚ್ಚಿದರೆ ಹಾಲಿನಂಥ ಹತ್ತಿ ಬಟ್ಟೆಯ ಮೂರು ಹೊಸ ಅಂಗಿ, ಎರಡು ಮಲ್ ಪಂಚೆ!

"ಹಾಕ್ಕಳಲೇ. ದಿನಾ ಹಾಕ್ಕಂಡೇ ಬಾ," ಎಂದರು.

ಸಾಹುಕಾರರ ಮನಸ್ಸು ಬೆಣ್ಣೆ ಎಂದು ನನಗೆ ಮೊದಲೇ ಗೊತ್ತಿತ್ತು. ಅವತ್ತೇ ಒಂದನ್ನು ತೊಟ್ಟು, ಕಾಲರ್ ನಿಮಿರಿಸಿಕೊಂಡು ಮನೆಗೆ ಬಂದು ಹೆಂಡತಿಯ ಮುಂದೆ ಒಂದು ಸುತ್ತು ತಿರುಗಿದೆ.

"ನೋಡು, ಹೊರಗಡೆ ನನಗೂ ಒಂದು ಬೆಲೆ ಐತೆ. ಇವಕ್ಕೆ ಮಾತ್ರ ಕತ್ತರಿ ಹಾಕ್ಬ್ಯಾಡ."

ಅವಳು ಹತ್ತಿರ ಬಂದು, ಕಾಲರನ್ನು ಎರಡು ಬೆರಳಿನಲ್ಲಿ ತಿಕ್ಕಿ ನೋಡಿ, ಮೂಸಿದಳು.

"ಇನ್ನೂ ಬಿರುಸೈತೆ. ವಾಸ್ನೇನೂ ಹಿಡಿದಿಲ್ಲ. ಕಾರ್ತೀಕದೊಳಗೆ ಮೆತ್ತಗೆ ಮಾಡಿ ಕೊಡ್ರಿ."

"ಯಾರಿಗೆ?"

"ಕಮಲಾಕ್ಷಮ್ಮಾರ ಮಗಳು ಬಾಣಂತನಕ್ಕೆ ಬರ್ತಾಳೆ. ಅವ್ರ ಮನೇಲಿ ಎಲ್ಲಾ ಟೆರ್ಲಿನ್ನು. ಇದ್ದ ಹಳೇ ಹತ್ತಿ ಬಟ್ಟೇನೆಲ್ಲ ಸ್ಟೀಲ್ ಪಾತ್ರೆಯೋಳಿಗೆ ಹಾಕಿ ಪಾತ್ರೆ ತಗಂಡ್ಬಿಟ್ಟವ್ರೆ. ಹುಟ್ಟೋ ಕೂಸಿಗೆ ಹೊಸ ಬಟ್ಟೆ ಹಾಕಂಗಿಲ್ಲವಲ್ಲ? ಗಂಗಿ ಅಪ್ಪ ಉಟ್ಟು ಮೆತ್ತಗೆ ಮಾಡಿದ್ದೇ ಆಗ್ಬೇಕಂತೆ. ಅದಕ್ಕೆ, ಸರಿಹಿಟ್ಟಿಗೆ ಸೇರಿಸಿ, ತಿಂಗ್ಳಾ ತಿಂಗ್ಳಾ ನನ್ನ ಕೈಗೇ ದುಡ್ಡು ಕೊಡ್ತಾರೆ. ನೀವು ಸಾಹುಕಾರ್ರನ್ನ ಕೇಳಿದ್ರಲ್ಲ ಏರಿಕೆ, ಅದು ಇದೇ ಅನ್ಕಳ್ರಿ."

ಹೀಗೆ ನನ್ನ ಸಂಬಳ ಏರಿತು, ಹೆಂಡತಿಯ ಕೈಯಲ್ಲಿ. ಈಗ ಮಿಲ್ಲಿನಲ್ಲಿ ನನ್ನ ಮೇಜನ್ನು ಆಫೀಸಿನಿಂದ ಎತ್ತಿಸಿ, ಎಣ್ಣೆ ತೆಗೆಯುವ ಮಿಷಿನ್ನಿನ ಮಗ್ಗುಲಿಗೆ ಹಾಕಿಸಿದ್ದಾರೆ. ವಾಸನೆ ಚೆನ್ನಾಗಿ ಹಿಡಿಯಲಿ ಎಂದು. ಬೆಳಿಗ್ಗೆ ಬೆಳಿಗ್ಗೆ ಸಾಹುಕಾರರು ಬಂದು, ಲೆಕ್ಕ ಕೇಳುವ ಮೊದಲು ನನ್ನ ಕಾಲರನ್ನು ಎರಡು ಬೆರಳಿನಲ್ಲಿ ತಿಕ್ಕಿ ನೋಡುತ್ತಾರೆ.

"ಇನ್ನೂ ಸ್ವಲ್ಪ ದಿನ ಬೇಕು ಕಣಲೇ," ಎಂದು ಹೇಳಿ ಫ್ಯಾನಿನ ಕೆಳಗೆ ಹೋಗಿ ಕೂರುತ್ತಾರೆ.