ಒಂಬತ್ತು ಜಗಳ ದಯಪಾಲಿಸಿದ ನಿಘಂಟಿಗೆ

ಇಂಗ್ಲಿಷ್-ಕನ್ನಡ ಕೈನಿಘಂಟಿನ ಮಾನ್ಯ ಸಂಪಾದಕರ ಸನ್ನಿಧಿಗೆ,

ನನಗೆ ಮದುವೆಯಾಗಿ ಇಂದಿಗೆ ಹದಿನೆಂಟು ದಿನ, ಈ ಸಂತೋಷವನ್ನು ತಮ್ಮೊಂದಿಗೆ ಹಂಚಿಕೊಳ್ಳದೆ ದೂರಿನ ಮಾತೆತ್ತಲು ಮನಸ್ಸು ಬಾರದು. ಹೊಸ ಸಂಸಾರದಲ್ಲಿ ಗಂಡನಿಗಿಂತ ಹೆಚ್ಚು ಹೊತ್ತು ನನ್ನ ಕೈಯಲ್ಲಿದ್ದದ್ದು ತಮ್ಮ ನಿಘಂಟೇ.

ಓದಿದ್ದೆಲ್ಲ ಇಂಗ್ಲಿಷಿನಲ್ಲಾದ ನಾನು, ಬೇರೆ ಊರಿನಲ್ಲಿರುವ ಅತ್ತೆಯವರಿಗೆ ದಿನವೂ ಕನ್ನಡದಲ್ಲೇ ನಾಲ್ಕು ಸಾಲು ಬರೆದು ಕಳಿಸುವುದಾಗಿ ಮಾತು ಕೊಟ್ಟಿದ್ದೆ. ಬೀರು ಕಿಟಕಿಯ ಪಕ್ಕವೋ ಬಾಗಿಲ ಪಕ್ಕವೋ ಎಂದು ನಾವಿಬ್ಬರೂ ಕಾರಣ ಕೊಟ್ಟು ಮಾತಾಡಿದ್ದು ಡಿಬೇಟ್. ಫ್ಯಾನಿನ ವೇಗಕ್ಕಾಗಿ ಕೊಂಚ ದನಿಯೇರಿದ್ದು ಆರ್ಗ್ಯುಮೆಂಟ್. ಹಾಸಿಗೆಯ ಮೇಲೆ ಬೀಳುವ ಒದ್ದೆ ಟವೆಲಿನ ಸಲುವಾಗಿ ದಿನಬೆಳಗಾದರೆ ನಡೆಯುವುದು ಬಿಕರಿಂಗ್. ಮುಖ ತಿರುಗಿಸಿ ಕೂತು ಐದೇ ನಿಮಿಷಕ್ಕೆ ಇಬ್ಬರೂ ನಕ್ಕುಬಿಟ್ಟದ್ದು ಟಿಫ್. ಇವಕ್ಕೆ ಕನ್ನಡ ಮಾತು ಹುಡುಕಿ ಭಕ್ತಿಯಿಂದ ಪುಟ ತಿರುವಿದೆ. ನಾಲ್ಕಕ್ಕೂ ತಾವು ಕರುಣಿಸಿದ ಅರ್ಥ ಒಂದೇ, ಜಗಳ. ಇಂಥ ಸಮದೃಷ್ಟಿ ಋಷಿಗಳಿಗೂ ದುರ್ಲಭ.

ಹೀಗೆ ಹತ್ತೇ ದಿನದಲ್ಲಿ ಅತ್ತೆಯವರಿಗೆ ಒಂಬತ್ತು ಜಗಳಗಳ ವರದಿ ಮುಟ್ಟಿತು. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರಮ್ಮ, ನೀವಿಬ್ರೂ ಉಣ್ಣೋದೂ ಇಲ್ವಾ, ಮಲಗೋದೂ ಇಲ್ವಾ?" ಎಂದು ಫೋನು ಬಂತು. ನಾವು ಚೆನ್ನಾಗಿಯೇ ಇದ್ದೇವೆ ಎಂದೆ. "ಮುಚ್ಚಿಡಬೇಡ ಕಣೇ, ನಾನೇ ಬರ್ತೀನಿ" ಎಂದರು. ಮೂವತ್ತು ವರ್ಷ ಹಾಸ್ಟೆಲ್ ವಾರ್ಡನ್ ಆಗಿದ್ದವರಿಗೆ ಜಗಳಕ್ಕೆ ಗೊತ್ತಿರುವ ಮದ್ದು ಒಂದೇ: ಇಬ್ಬರನ್ನೂ ಬೇರೆ ಬೇರೆ ಕೋಣೆಗೆ ಹಾಕುವುದು. ನಮ್ಮದು ಎರಡೇ ಕೋಣೆಯ ಮನೆ. ನನ್ನ ಜೊತೆ ಅವರು, ಹೊರಗಿನ ಕೋಣೆಯಲ್ಲಿ ಮಗ, ಪೂರಾ ಒಂದು ತಿಂಗಳು ಎಂದು ಅಪ್ಪಣೆಯಾಗಿದೆ.

ವಿಷಯ ತಿಳಿದ ನಮ್ಮವರು ಮೊದಲು ಹೊಟ್ಟೆ ಹಿಡಿದು ನಕ್ಕು, ಚರ್ಚೆ, ವಾಗ್ವಾದ, ಕಿತ್ತಾಟ, ತಕರಾರು, ಕ್ಯಾತೆ, ಹುಸಿಮುನಿಸು ಎಂದು ಬೆರಳು ಮಡಚುತ್ತ ಹೋದರು. ಹುಸಿಮುನಿಸು! ಇಷ್ಟು ಮುದ್ದಾದ ಮಾತನ್ನು ಮದುಮಗಳ ಕಣ್ಣಿಗೆ ಬೀಳದಂತೆ ಕಾಪಾಡಿದ ತಮ್ಮ ಜಾಣ್ಮೆಗೆ ಸನ್ಮಾನವಾಗಬೇಕು.

ಆದ್ದರಿಂದ ತಾವು ಖುದ್ದಾಗಿ ಸ್ಟೇಷನ್ನಿಗೆ ಬಂದು, ಅತ್ತೆಯವರ ಬ್ಯಾಗು ಹಿಡಿದುಕೊಂಡು, ಒಂಬತ್ತನ್ನೂ ಒಂದೊಂದಾಗಿ ಬಿಡಿಸಿ ಹೇಳಬೇಕೆಂದು ಪ್ರಾರ್ಥನೆ. ಅವರಿಗೆ ಒಪ್ಪಿಗೆಯಾಗದಿದ್ದರೆ ಆ ತಿಂಗಳ ಮಟ್ಟಿಗೆ ತಮ್ಮ ಮನೆಗೇ ಕರೆದೊಯ್ದು, ತಮ್ಮ ಶ್ರೀಮತಿಯವರಿಗೂ ತಮಗೂ ಕೋಣೆ ಹಂಚಿಸಿಕೊಳ್ಳುವ ಕೃಪೆಯಾಗಲಿ.

ಪುಟಪುಟವನ್ನೂ ನಂಬಿ ಕೆಟ್ಟ,
ತಮ್ಮ ವಿಶ್ವಾಸಿ,
ಹೊಸ ಸೊಸೆ

ಮರೆತ ಮಾತು: ಪುಸ್ತಕ ನೋಡುವ ಬದಲು "ನನ್ನನ್ನೇ ಕೇಳಬಹುದಿತ್ತು" ಎಂದರು ನಮ್ಮವರು. ಪುಸ್ತಕಕ್ಕೆ ಹೆಚ್ಚು ಮಾತು ಗೊತ್ತು ಎಂದೆ. ಅದಕ್ಕೆ ಗೊತ್ತಿರುವುದು ಒಂದೇ ಎಂದರು. ಆಮೇಲೆ ನಡೆದದ್ದು ಮುಕ್ಕಾಲು ಗಂಟೆ, ಒಂದು ಲೋಟ ಒಡೆಯಿತು, ಇಬ್ಬರೂ ಉಣ್ಣದೆ ಎದ್ದೆವು. ತಮ್ಮ ಅರ್ಥ ಕೊನೆಗೂ ಸರಿಯಾಯಿತು, ಅಭಿನಂದನೆಗಳು. ಅತ್ತೆಯವರು ಬರುವುದು ಗುರುವಾರ, ಬೆಳಿಗ್ಗೆ ಆರೂ ನಲವತ್ತರ ಪ್ಯಾಸೆಂಜರ್‌ನಲ್ಲಿ.