ಆಕಾಶದ ಮೇಲೆ ಅರ್ಜಿ ಕೊಟ್ಟ ನಮ್ಮತ್ತೆ

ನಮ್ಮ ವಂಶದಲ್ಲಿ ಅಕ್ಕಪಕ್ಕದವರ ಮೇಲೆ ದೂರು ಕೊಟ್ಟವರಿಗೆ ಕೊರತೆಯಿಲ್ಲ. ಬೇಲಿ ಸರಿಸಿದ, ಹಸು ನುಗ್ಗಿಸಿದ ಎಂದು ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಆಕಾಶದ ಮೇಲೆ ದೂರು ಕೊಟ್ಟವರು ನಮ್ಮ ಸೋದರತ್ತೆ ಒಬ್ಬರೇ! ಆ ದೂರುಗಳನ್ನೆಲ್ಲ ಟೈಪು ಮಾಡಿದವಳು ನಾನು. ಆದ್ದರಿಂದ ಇದನ್ನು ಸ್ವಲ್ಪ ಸುಸ್ತಾಗಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ತುಮಕೂರಿನ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಅತ್ತೆ, ಗುಬ್ಬಿಗೂ ಕುಣಿಗಲ್ಲಿಗೂ ನಡುವಿನ ಒಂದು ಊರಿನ ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಊರಿನ ಹೆಸರು ಕೇಳಬೇಡಿ. ಹೇಳಿದರೆ ಅಲ್ಲಿನ ಶಾಸಕರ ಹೆಸರನ್ನೂ ಹೇಳಬೇಕಾಗುತ್ತದೆ, ಅದು ಯಾಕೆ ಸುಮ್ಮನೆ? ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡ ಅತ್ತೆ, ನರ್ಸಿಂಗ್ ಓದಿ, ಸುತ್ತಲ ಹಳ್ಳಿಗಳ ಮಕ್ಕಳನ್ನೆಲ್ಲ ಕೈಯಾರೆ ಭೂಮಿಗೆ ಇಳಿಸಿಕೊಂಡವರು. ಅವರಿಗೆ ಸದ್ದು ಎಂದರೆ ಆಗದು. ಮದುವೆ ಮೆರವಣಿಗೆಯ ವಾಲಗದವರು ಕೂಡ ಆಸ್ಪತ್ರೆಯ ಮುಂದೆ ಬಂದಾಗ ಡೋಲನ್ನು ಹೆಗಲಿಗೇರಿಸಿ ಕಳ್ಳರಂತೆ ಹೆಜ್ಜೆಯಿಡಬೇಕಿತ್ತು!

ಇದಕ್ಕೆ ಕಾರಣವಿತ್ತು. ಮಂಗಳವಾರ ಬಸುರಿಯರ ತಪಾಸಣೆ. ಅತ್ತೆಯ ಹತ್ತಿರ ಊದುಕೊಳವೆಯಂಥ ಒಂದು ಅಲ್ಯೂಮಿನಿಯಂ ಕೊಳವೆ. ಒಂದು ತುದಿ ಬಸುರಿಯ ಹೊಟ್ಟೆಯ ಮೇಲೆ, ಇನ್ನೊಂದು ತುದಿ ಅತ್ತೆಯ ಕಿವಿಗೆ. ಒಳಗಿನ ಮಗುವಿನ ಎದೆಬಡಿತ ಕೇಳಬೇಕಾದರೆ ಹೊರಗೆ ನೊಣವೂ ಹಾರಬಾರದು. ಗೋಡೆ ಗಡಿಯಾರದ ಟಿಕ್‌ಟಿಕ್ ಕೂಡ ಅಡ್ಡ ಬರುತ್ತದೆಂದು ಲೋಲಕವನ್ನು ಹಿಡಿದು ನಿಲ್ಲಿಸಿ, ಕೆಲಸ ಮುಗಿದ ಮೇಲೆ ಆಡಿಸುತ್ತಿದ್ದರು. ಹೀಗಾಗಿ ಆ ಗಡಿಯಾರ ಸದಾ ಒಂದು ಗಂಟೆ ಹಿಂದೆ. ಇಡೀ ಜಿಲ್ಲೆಯಲ್ಲಿ ಡಾಕ್ಟರು ಸರಿಯಾದ ಹೊತ್ತಿಗೆ ಬರುತ್ತಿದ್ದ ಆಸ್ಪತ್ರೆ ಅದೊಂದೇ!

ಇಂಥ ಊರಿಗೆ ವಿಮಾನ ಬಂತು.

ಬೆಳೆಗೆ ಔಷಧಿ ಹೊಡೆಯುವ, ಹುಡುಗರಿಗೆ ವಿಮಾನ ಓಡಿಸಲು ಕಲಿಸುವ ಒಂದು ಕಂಪನಿ. ಮಾಲೀಕ ದೊಡ್ಡ ಸಾಹುಕಾರ. ಊರಿನ ಗೋಮಾಳವನ್ನು ಗುತ್ತಿಗೆಗೆ ಪಡೆದು ಮಟ್ಟ ಮಾಡಿಸಿ ಎರಡು ಪುಟ್ಟ ವಿಮಾನ ತಂದು ನಿಲ್ಲಿಸಿದ. ಮೊದಲ ವಾರ ಜನ ಬುತ್ತಿ ಕಟ್ಟಿಕೊಂಡು ನೋಡಲು ಬಂದರು. ಎರಡನೇ ವಾರದಿಂದ ಹಸುಗಳು ಹಾಲು ಬಿಡಲಿಲ್ಲ. ಕಲಿಯುವ ಹುಡುಗರಿಗೆ ತಿರುಗಲು ಗುರುತೊಂದು ಬೇಕಲ್ಲ? ಆಸ್ಪತ್ರೆಯ ಕೆಂಪು ಹೆಂಚಿನ ಸೂರು ಅವರಿಗೆ ಚೆನ್ನಾಗಿ ಕಾಣುತ್ತಿತ್ತು. ಅದರ ಮೇಲೆಯೇ ಸುತ್ತು, ಸುತ್ತು, ಮತ್ತೊಂದು ಸುತ್ತು!

ಒಂದು ಮಂಗಳವಾರ ಅತ್ತೆ ಪುಟ್ಟಮ್ಮ ಎನ್ನುವ ಚೊಚ್ಚಲು ಬಸುರಿಗೆ, “ನೀನೂ ಕೇಳು ಬಾರೇ, ನಿನ್ ಕೂಸಿಂದೂ ಹಿಂಗೇ ಬಡ್ಕೊಳ್ಳೋದು” ಎಂದು ಪಕ್ಕದವಳ ಹೊಟ್ಟೆ ತೋರಿಸಿ ಕಲಿಸುತ್ತಿದ್ದರು. ಅಷ್ಟರಲ್ಲಿ ತಲೆಯ ಮೇಲೆ ವಿಮಾನ. ಪುಟ್ಟಮ್ಮ ಕೊಳವೆ ಬಿಸಾಕಿ ಎದ್ದಳು. “ಅಯ್ಯೋ ನರ್ಸಮ್ಮ, ನನ್ ಹೊಟ್ಟೇಲೂ ಹಿಂಗೇ ಗುರ್ ಅನ್ನೋದೈತಾ? ಹುಲಿಮರಿ ಏನಾರ ಹುಟ್ತದಾ?”

ಅವತ್ತು ಸಂಜೆಯೇ ಅತ್ತೆ ತುಮಕೂರಿನ ಬಸ್ಸು ಹತ್ತಿ ನನ್ನ ಬಾಡಿಗೆ ಕೋಣೆಗೆ ಬಂದರು.

“ಏನೇ, ಆ ಮಿಷನ್ ಐತಲ್ಲ, ಅದ್ರಲ್ಲಿ ಒಂದ್ ಅರ್ಜಿ ಕುಟ್ಟು.”

“ಯಾರ ಮೇಲೆ ಅತ್ತೆ?”

“ಮೇಲಿರೋರ ಮೇಲೆ ಕಣೇ!”

ಒಂದು ಅರ್ಜಿ, ಮೂರು ಕಾರ್ಬನ್ ಪ್ರತಿ. ಆಮೇಲೆ ತಿಂಗಳಿಗೊಂದು. ನನ್ನ ಬೆರಳಿನ ತುದಿಗಳು ಕಾರ್ಬನ್ನಿನಿಂದ ಕಪ್ಪಾಗಿಯೇ ಇರುತ್ತಿದ್ದವು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು, “ಹುಡುಗಿ ಕೈ ಯಾಕೆ ಹಿಂಗೆ?” ಎಂದು ಕೇಳಿದರು. ಅತ್ತೆ, “ಸರ್ಕಾರ ಹಂಗೈತೆ, ಅದುಕ್ಕೆ” ಎಂದರು. ಆ ಸಂಬಂಧ ಅಲ್ಲಿಗೇ ಮುಗಿಯಿತು.

ಶಾಸಕರ ಮನೆ ಆಸ್ಪತ್ರೆಯಿಂದ ಒಂದು ಮೈಲಿ. ಒಳ್ಳೆಯ ಮನುಷ್ಯರೇ. ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ, ಯಾರಿಗೂ ಮಾಡಿಕೊಡುತ್ತಲೂ ಇರಲಿಲ್ಲ. ಅರ್ಜಿಯನ್ನು ಕಣ್ಣಿಗೊತ್ತಿಕೊಂಡು, “ನರ್ಸಮ್ಮ, ಅದು ಅಭಿವೃದ್ಧಿ ಸದ್ದು ಕಣಮ್ಮ. ಸ್ವಲ್ಪ ದಿನ ಕೇಳಿದ್ರೆ ರೂಢಿ ಆಯ್ತದೆ” ಎಂದರು. ಎರಡನೇ ಅರ್ಜಿಗೆ ಆಸ್ಪತ್ರೆಗೆ ಒಂದು ಮೂಟೆ ಹತ್ತಿ ಬಂತು, ಕಿವಿಗೆ ಇಟ್ಟುಕೊಳ್ಳಲು! ಮೂರನೆಯದಕ್ಕೆ ತನಿಖೆಯವರು ಬಂದರು. ಯಾವತ್ತು? ಭಾನುವಾರ. ಅವತ್ತು ವಿಮಾನಕ್ಕೆ ರಜೆ. ಅವರು ಮರದ ಕೆಳಗೆ ಎಳನೀರು ಕುಡಿದು, “ಕಾಗೆಯ ಸದ್ದಿನ ಹೊರತು ಬೇರೆ ಸದ್ದು ಕಂಡುಬರಲಿಲ್ಲ” ಎಂದು ಬರೆದುಕೊಂಡು ಹೋದರು.

ಗುಟ್ಟು ಬಿಚ್ಚಿಟ್ಟವನು ಶಾಸಕರ ಪಿಎ. “ಅಮ್ಮಾ, ಹೋದ್ ಎಲೆಕ್ಷನ್ನಾಗೆ ನಮ್ ಸಾಹೇಬ್ರ ಜೀಪುಗಳಿಗೆ ಪೆಟ್ರೋಲ್ ಹಾಕ್ಸಿದ್ದು ಯಾರು ಅನ್ಕೊಂಡ್ರಿ? ಆ ವಿಮಾನದ ಸಾಹುಕಾರ್ರು. ಆ ಪೆಟ್ರೋಲ್ ಇನ್ನೂ ಖರ್ಚಾಗಿಲ್ಲ, ಬುಡಿ.”

ಹಾಗಾದರೆ ವಿರೋಧ ಪಕ್ಷದವರನ್ನು ಹಿಡಿಯೋಣ ಎಂದು ಅತ್ತೆ ಮುಂದಿನ ಚುನಾವಣೆಗೆ ಕಾದರು. ಚುನಾವಣೆ ಬಂತು. ಬೆಳಿಗ್ಗೆ ವಿಮಾನದಿಂದ ಶಾಸಕರ ಪಾಂಪ್ಲೆಟುಗಳು ಉದುರಿದವು. ಮಧ್ಯಾಹ್ನ ಅದೇ ವಿಮಾನದಿಂದ ಎದುರಾಳಿಯ ಪಾಂಪ್ಲೆಟುಗಳು! ಎರಡೂ ಆಸ್ಪತ್ರೆಯ ಹೆಂಚಿನ ಮೇಲೆ ಒಂದರ ಮೇಲೊಂದು ಬಿದ್ದು ಅಪ್ಪಿಕೊಂಡು ಮಲಗಿದ್ದವು.

“ಇವನ್ ಮೇಲೆ ಅವನ ಹತ್ರ ಹೇಳೋಣ ಅಂತಿದ್ದೆ ಕಣೇ. ಇಬ್ರೂ ಒಂದೇ ಬಾಗಿಲಿಂದ ಕೆಳಗೆ ಬೀಳ್ತಾವ್ರಲ್ಲೇ” ಎಂದರು ಅತ್ತೆ. ಅವರ ಮುಖದಲ್ಲಿ ದಣಿವನ್ನು ನಾನು ಮೊದಲ ಸಲ ಕಂಡೆ.

ಗೆದ್ದವರು ಹಳೆಯ ಶಾಸಕರೇ. ಆ ವರ್ಷ ಒಂದು ಮಂಗಳವಾರ, ಸಿದ್ದಮ್ಮ ಎಂಬ ತುಂಬು ಬಸುರಿ ಬಂದಳು. ಎರಡು ವಿಮಾನಗಳೂ ಬೆಳಗಿನಿಂದ ಸುತ್ತುತ್ತಿದ್ದವು. ಅತ್ತೆ ಮೂರು ಸಲ ಕೊಳವೆ ಇಟ್ಟು ಕೇಳಿದರು. ಬಡಿತ ಸರಿಯಾಗಿದೆಯೋ, ನಿಧಾನವಾಗಿದೆಯೋ ತಿಳಿಯಲಿಲ್ಲ. ಸಂಜೆ ವಿಮಾನ ಇಳಿದ ಮೇಲೆ ಮತ್ತೆ ಕೇಳಿ, ಗಾಬರಿಯಾಗಿ ಬಾಡಿಗೆ ಕಾರು ಮಾಡಿಸಿ ತುಮಕೂರಿನ ದೊಡ್ಡಾಸ್ಪತ್ರೆಗೆ ತಾವೇ ಕರೆದುಕೊಂಡು ಬಂದರು. ತಾಯಿ ಉಳಿದಳು. ಮಗು ಉಳಿಯಲಿಲ್ಲ. ವಿಮಾನದಿಂದಲೇ ಎಂದು ಯಾರು ಹೇಳಲು ಸಾಧ್ಯ? ಅತ್ತೆಯೂ ಹೇಳಲಿಲ್ಲ. ನನ್ನ ಕೋಣೆಗೆ ಬಂದು ಗೋಡೆಗೊರಗಿ ಕೂತರು. ನಾನೇ ಮಿಷನ್ನಿಗೆ ಕಾಗದ ಏರಿಸಿದೆ. “ಬ್ಯಾಡ ಬುಡೇ” ಎಂದರು.

ಕೆಲವು ತಿಂಗಳ ನಂತರ ಶಾಸಕರ ಮಗಳು ಬಾಣಂತನಕ್ಕೆ ತವರಿಗೆ ಬಂದಳು. ಬೆಂಗಳೂರಿನ ಡಾಕ್ಟರು ಎಷ್ಟು ಹೇಳಿದರೂ ಶಾಸಕರ ಹೆಂಡತಿಗೆ ನಮ್ಮತ್ತೆಯ ಕೈಮೇಲೆಯೇ ನಂಬಿಕೆ. ಹೇಳಿಕಳಿಸಿದರು. ಅವತ್ತು ಕಚೇರಿಗೆ ರಜೆ ಹಾಕಿ ನಾನೂ ಜೊತೆಗೆ ಹೋದೆ. ಅತ್ತೆ ಕೊಳವೆ ಇಟ್ಟು ಕೇಳಿ, ನಕ್ಕು, “ಅಜ್ಜಿ ಆಗೋರು ನೀವೂ ಕೇಳಿ” ಎಂದು ಶಾಸಕರ ಹೆಂಡತಿಗೆ ಕೊಟ್ಟರು. ಆಕೆ ಕಿವಿಯಿಟ್ಟರು. ಮುಖ ಅರಳಿತು. “ರೀ, ಓಡ್ತಾ ಐತೆ ಕಣ್ರೀ, ಕುದುರೆ ಓಡ್ದಂಗೆ!” ಎಂದು ಕೂಗಿದರು. ಬಾಗಿಲಾಚೆ ನಿಂತಿದ್ದ ಶಾಸಕರು ಅಲ್ಲಿಂದಲೇ ಕೈಮುಗಿದರು.

ಆಗ ಬಂತು ವಿಮಾನ. ಮನೆಯ ತೊಲೆಗಳೆಲ್ಲ ಅದುರಿದವು.

“ರೀ! ಮಗೀದು ಕೇಳಿಸ್ತಿಲ್ಲ! ನಿಂತೋಯ್ತು ಕಣ್ರೀ!”

ಶಾಸಕರು ಬರಿಗಾಲಲ್ಲಿ ಅಂಗಳಕ್ಕೆ ಓಡಿದರು. ಪಂಚೆ ಎತ್ತಿ ಕಟ್ಟಿ ಆಕಾಶಕ್ಕೆ ಮುಷ್ಟಿ ತೋರಿಸಿದರು. “ಯಾವನ್ಲಾ ಅವ್ನು! ಇಳೀಲಾ ಕೆಳಕ್ಕೆ!”

ಅತ್ತೆ ಕಿಟಕಿಯಿಂದಲೇ ತಣ್ಣಗೆ ಹೇಳಿದರು: “ಅಭಿವೃದ್ಧಿ, ಸ್ವಾಮಿ. ಸ್ವಲ್ಪ ದಿನಕ್ಕೆ ರೂಢಿ ಆಯ್ತದೆ.”

ವಿಮಾನ ದೂರ ಹೋಯಿತು, ಬಡಿತ ಮತ್ತೆ ಸಿಕ್ಕಿತು. ಶಾಸಕರು ಜಗಲಿಯ ಮೇಲೆ ಕುಸಿದು ಕೂತರು. “ನಿಮ್ಗೆ ದಿನಾ ಹಿಂಗೇ ಆಯ್ತದಾ ನರ್ಸಮ್ಮ?” ಎಂದು ಕೇಳಿದರು. ಅತ್ತೆ ಸಿದ್ದಮ್ಮನ ವಿಷಯ ಹೇಳಿದರು.

ಆ ವರ್ಷವೇ ಶಾಸಕರು ಓಡಾಡಿ ಗೋಮಾಳದ ಗುತ್ತಿಗೆ ರದ್ದು ಮಾಡಿಸಿದರು. ವಿಮಾನಗಳು ಹೋದವು. ಹಸುಗಳು ಹಾಲು ಕೊಟ್ಟವು. ಕಥೆ ಇಲ್ಲಿಗೆ ಸುಖವಾಗಿ ಮುಗಿಯಬೇಕಲ್ಲವೇ? ಮುಗಿಯಲಿಲ್ಲ! ಮುಂದಿನ ಚುನಾವಣೆಯಲ್ಲಿ ಸಾಹುಕಾರ ಒಂದೇ ಕಡೆಗೆ ಪೆಟ್ರೋಲ್ ಹಾಕಿಸಿದ. ಶಾಸಕರು ಸೋತರು. ಗೆದ್ದವರು ಮೊದಲು ಗುತ್ತಿಗೆಯನ್ನು ಸಾಹುಕಾರನಿಗೆ ಮತ್ತೆ ಕೊಡಿಸಿದರು, ಆಮೇಲೆ ಅತ್ತೆಯನ್ನು ಹುಲಿಯೂರುದುರ್ಗದ ಕಡೆಗೆ ಎತ್ತಂಗಡಿ ಮಾಡಿಸಿದರು. ಅದು ಶಿಕ್ಷೆ. ಆದರೆ ಶಿಕ್ಷೆ ಕೊಟ್ಟವರಿಗೆ ಒಂದು ಹೊಳೆಯಲಿಲ್ಲ: ಅಲ್ಲಿ ವಿಮಾನವೇ ಇರಲಿಲ್ಲ! ಆದರೂ ಹಳೆಯ ಊರಿನ ಬಸುರಿಯರನ್ನು ನೆನೆದು ಅತ್ತೆ ಅನ್ನ ಕಲಸಿಟ್ಟುಕೊಂಡು ಸುಮ್ಮನೆ ಕೂತುಬಿಡುತ್ತಿದ್ದರು.

ಒಂದು ಮಧ್ಯಾಹ್ನ, ನಾನು ಅವರನ್ನು ನೋಡಲು ಹೋಗಿದ್ದಾಗ, ಮಾಜಿ ಶಾಸಕರು ಕುಣಿಗಲ್ಲಿನ ಬಸ್ಸಿನಿಂದ ಒಬ್ಬರೇ ಇಳಿದು ಕುಂಟುತ್ತಾ ಬಂದರು. ಜೀಪಿಲ್ಲ, ಪಿಎ ಇಲ್ಲ. ಕಟ್ಟೆಯ ಮೇಲೆ ಕೂತು ನೀರು ಕುಡಿದರು.

“ನಿಮ್ ಟ್ರಾನ್ಸ್‌ಫರ್ ಕ್ಯಾನ್ಸಲ್ ಮಾಡ್ಸೋಣ ಅಂತ ಬೆಂಗಳೂರಲ್ಲಿ ಆಫೀಸಿಂದಾಫೀಸಿಗೆ ಅಲೆದೆ ನರ್ಸಮ್ಮ. ಆಗ್ಲಿಲ್ಲ. ಹೇಳೋಗಾನ ಅಂತ ಬಂದೆ.”

ಅತ್ತೆ ಅವರ ಬಲಗಾಲನ್ನೇ ನೋಡುತ್ತಿದ್ದರು. ಚಪ್ಪಲಿ ಬಿಚ್ಚಿಸಿದರು. ಅಂಗಾಲಿನಲ್ಲಿ ಕೀವು ತುಂಬಿದ ಹುಣ್ಣು.

“ಸಕ್ಕರೆ ಕಾಯ್ಲೆ ಐತಾ?”

“ಐತೆ.”

“ಈ ಕಾಲಲ್ಲಿ ಬೆಂಗಳೂರೆಲ್ಲ ನಡೆದ್ರಾ? ಮನೇಲಿ ಹೇಳ್ಬಾರ್ದಾ?”

“ಸೋತ್ ಮೇಲೆ ಏನ್ ಹೇಳ್ಲಿ, ಯಾರ್ಗೆ ಹೇಳ್ಲಿ ಬುಡಮ್ಮ.”

ಅತ್ತೆ ಬಿಸಿನೀರು ತಂದರು. ನೆಲದ ಮೇಲೆ ಕೂತು, ಆ ಕಾಲನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ತೊಳೆದು, ಔಷಧಿ ಹಚ್ಚಿ ಬಟ್ಟೆ ಕಟ್ಟಿದರು. ಅವರು ನೋವಿಗೆ ಹಲ್ಲು ಕಚ್ಚಿದಾಗ, “ಆಯ್ತು, ಆಯ್ತು, ಇನ್ನೇನು ಆಯ್ತು” ಎಂದು ಹೆರಿಗೆ ನೋವಿನವರಿಗೆ ಹೇಳುವಂತೆಯೇ ಹೇಳಿದರು. ವಾರಕ್ಕೊಂದು ಸಲ ಬಂದು ಕಟ್ಟು ಬದಲಾಯಿಸಿಕೊಂಡು ಹೋಗಬೇಕೆಂದು ತಾಕೀತು ಮಾಡಿದರು.

ಸಂಜೆಯ ಬಸ್ಸಿಗೆ ನಾವಿಬ್ಬರೂ ಅವರನ್ನು ಹತ್ತಿಸಲು ಹೋದೆವು. ಅತ್ತೆಯ ಒಂದು ಕೈ ಅವರ ರಟ್ಟೆಯಲ್ಲಿ, ಇನ್ನೊಂದು ಕೈಯಲ್ಲಿ ಅವರ ಚಪ್ಪಲಿ. ಕಂಡಕ್ಟರು ಅವಸರದಿಂದ ಬಾಗಿಲು ಬಡಿದ.

“ತಡಿಯಪ್ಪ ವಸಿ” ಎಂದರು ಅತ್ತೆ. “ನಮ್ಮೋರೊಬ್ರು ಹತ್ತುತ್ತಾವ್ರೆ.”