ತಂಬಿಗೆಯಲ್ಲಿ ಶಾಬ್ಲಿ

ಹೊಸಪೇಟೆಯಲ್ಲಿ ವೈನ್ ಬಗ್ಗೆ ಅಧಿಕಾರವಾಣಿಯಿಂದ ಮಾತಾಡಬಲ್ಲ ಏಕೈಕ ವ್ಯಕ್ತಿ ನಾನು. ಒಂದು ಹನಿಯನ್ನೂ ಕುಡಿದವನಲ್ಲ, ಅದು ಬೇರೆ ಮಾತು! ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಹೆಸರಿಗೊಂದು ಅಕ್ಕಿ ಗಿರಣಿ. ಇಷ್ಟೇ ನನ್ನ ಯೋಗ್ಯತೆ.

ಅದು ಅದಿರಿನ ಸುಗ್ಗಿಯ ಕಾಲ. ನಿನ್ನೆ ಮೊನ್ನೆ ಸೈಕಲ್ ಪಂಕ್ಚರ್ ಹಾಕುತ್ತಿದ್ದವರೂ ಕಾರಿನ ಗಾಜು ಇಳಿಸಿ ನಮಸ್ಕಾರ ಹೇಳುತ್ತಿದ್ದರು. ನಾನೂ ಎರಡು ಲಾರಿ ಕೊಂಡೆ. ಕೊಂಡ ಮೇಲೆ ತಿಳಿಯಿತು, ಲಾರಿ ಎಲ್ಲರ ಹತ್ತಿರವೂ ಇದೆ, ಲೋಡ್ ಮಾತ್ರ ಇಲ್ಲ. ಸಂಡೂರಿನ ಗಣಿಯಿಂದ ಬಂದರಿಗೆ ಅದಿರು ಸಾಗಿಸುವ ಗುತ್ತಿಗೆ ಕಾರವಾರದ ಸಾಹೇಬರೊಬ್ಬರ ಕೈಯಲ್ಲಿತ್ತು. ಹತ್ತು ಸಲ ಅಲೆದ ಮೇಲೆ ಅವರು ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರಲು ಒಪ್ಪಿದರು. ಆ ಊಟದ ಮೇಲೆ ನನ್ನ ಎರಡೂ ಲಾರಿಗಳ ಭವಿಷ್ಯ ನಿಂತಿತ್ತು.

ಸಾಹೇಬರು ಎರಡು ವರ್ಷ ಫ್ರಾನ್ಸಿನಲ್ಲಿದ್ದವರು, ಶಾಬ್ಲಿ ಎಂಬ ಬಿಳಿ ವೈನ್ ಎಂದರೆ ಪ್ರಾಣ ಎಂದು ಅವರ ಆಫೀಸಿನವರೊಬ್ಬರು ಹೇಳಿದರು. ಸರಿ, ಗೋವಾಕ್ಕೆ ಅಕ್ಕಿ ಒಯ್ಯುತ್ತಿದ್ದ ನನ್ನ ಡ್ರೈವರ್ ಹುಲುಗಪ್ಪನಿಗೆ ಹೇಳಿ ಒಂದು ಬಾಟಲಿ ತರಿಸಿದೆ. ಅಷ್ಟಕ್ಕೇ ಬಿಡುವವನೇ ನಾನು? ಬಸ್ ಸ್ಟ್ಯಾಂಡ್ ಹತ್ತಿರದ ಇಂಟರ್ನೆಟ್ ಸೆಂಟರಿಗೆ ಹೋಗಿ ಆ ವೈನಿನ ಜಾತಕವನ್ನೇ ತೆಗೆಸಿದೆ. ಶಾಬ್ಲಿ ಎಂಬುದು ಊರಿನದೇ ಹೆಸರು. ಚಳಿ ಸೀಮೆ, ಸುಣ್ಣದ ಮಣ್ಣು. ಒಂದು ಕಾಲಕ್ಕೆ ಅಲ್ಲಿ ಸಮುದ್ರವಿತ್ತಂತೆ. ಈಗಲೂ ಮಣ್ಣಿನಲ್ಲಿ ಚಿಪ್ಪು ಸಿಗುತ್ತವಂತೆ. ಅಲ್ಲಿ ಬೆಳೆಯುವ ಶಾರ್ಡನೇ ದ್ರಾಕ್ಷಿಗೆ ಆ ಮಣ್ಣಿನದೇ ಸೊಗಡಂತೆ. ಆ ಜನ ಮಣ್ಣನ್ನು ಅಲ್ಲೇ ಬಿಟ್ಟು ಬರೀ ದ್ರಾಕ್ಷಿರಸ ಮಾರಿ ಬದುಕುತ್ತಾರೆ. ಎಂಥ ದಡ್ಡರು! ನಾವು ನೋಡಿ, ಮಣ್ಣನ್ನೇ ಮಾರುತ್ತಿದ್ದೆವು.

ಶನಿವಾರ ಗಿರಣಿಯ ಹಿಂದೆ ಬಾಟಲಿ ತೆರೆಯುವ ಸಮಾರಂಭ ನಡೆಯಿತು.

"ಧಣ್ಯಾರ, ಇದರ ಬೂಚು ತಗಿಯಾಕ ಬ್ಯಾರೆ ತಿರುಪು ಬೇಕಂತ್ರಿ," ಎಂದ ಹುಲುಗಪ್ಪ.

"ಲಾರಿ ಎಂಜಿನ್ ಬಿಚ್ಚಾಂವ ನೀನು, ಇದೇನ್ ಮಹಾ! ಸ್ಕ್ರೂಡ್ರೈವರ್ ಇಟ್ಟು ಒತ್ತಲೇ!"

ಒತ್ತಿದ. ಬೂಚು ಬಾಟಲಿಯೊಳಗೆ ಹೋಯಿತು, ಒಳಗಿನದು ನನ್ನ ಅಂಗಿಯ ಮೇಲೆ ಬಂತು! ಉಳಿದದ್ದನ್ನು ಮನೆಯಲ್ಲಿ ಕೈಗೆ ಸಿಕ್ಕಿತೆಂದು ತಂದಿದ್ದ ಬೆಳ್ಳಿ ತಂಬಿಗೆಗೆ ಸೋಸಿಕೊಂಡು, ನಲ್ಲಿಯ ಕೆಳಗೆ ಸ್ನಾನ ಮಾಡಿ, ಸಜ್ಜನನಂತೆ ಮನೆಗೆ ಬಂದೆ.

"ಏನ್ರೀ ಅದು?" ಎಂದಳು ಹೆಂಡತಿ ಗಿರಿಜಾ.

"ದ್ರಾಕ್ಷಿ ರಸ. ಸಾಹೇಬ್ರಿಗೆ. ಫ್ರಿಜ್ಜಿನಾಗ ತಣ್ಣಗ ಇಡು."

ಇದರಲ್ಲಿ ಸುಳ್ಳೇನಿದೆ ಹೇಳಿ?

ಭಾನುವಾರ ಸುಡುವ ಮಧ್ಯಾಹ್ನ ಸಾಹೇಬರು ಬಂದರು. ಗಿರಿಜಾ ಬೆಳ್ಳಿ ಲೋಟ ತಂದುಕೊಟ್ಟು ಒಳಗೆ ಹೋದಳು. ಸಾಹೇಬರು ಒಂದು ಗುಟುಕು ಕುಡಿದು ಹುಬ್ಬೇರಿಸಿದರು. ಆನಂದವಿರಬೇಕೆಂದು ನಾನು ಉಪನ್ಯಾಸ ಶುರು ಮಾಡಿದೆ.

"ಶಾಬ್ಲಿ ಸೀಮಿ ವೈನ್ ಸರ್ ಇದು. ಆ ಸುಣ್ಣದ ಮಣ್ಣು, ಆ ಸಮುದ್ರದ ಚಿಪ್ಪು... ನಾಲಿಗಿಗೆ ಗೊತ್ತಾಗ್ತದಲ್ರಿ?"

ಸಾಹೇಬರು ಇನ್ನೊಂದು ಗುಟುಕು ಕುಡಿದು ಗಂಭೀರವಾಗಿ ಯೋಚಿಸಿದರು.

"ಏಲಕ್ಕಿ ಗೊತ್ತಾಗ್ತದೆ," ಎಂದರು.

ಲೋಟದೊಳಗೆ ಇಣುಕಿದೆ. ಬಿಳಿ ವೈನ್ ಸಂಡೂರು ರಸ್ತೆಯ ಕೆಂಪು ಮಳೆನೀರಿನ ಬಣ್ಣಕ್ಕೆ ತಿರುಗಿತ್ತು!

"ಗಿರಿಜಾ! ಏನ್ ಹಾಕಿದಿ ಇದಕ್ಕ?"

"ಬೆಲ್ಲ, ಏಲಕ್ಕಿ, ಶುಂಠಿ, ಚಿಟಿಕಿ ಉಪ್ಪು," ಎಂದು ಅಡುಗೆಮನೆ ಬಾಗಿಲಿಗೆ ಬಂದಳು. "ಬಾಯಾಗ ಇಟ್ಟು ನೋಡಿದ್ರ ಭಾಳ ಹುಳಿ. ಬಿಸಿಲಾಗ ಬಂದೋರಿಗೆ ಹಂಗ ಕೊಡ್ತಾರೇನ್ರೀ? ಪಾನಕ ಮಾಡೀನಿ." ಅಷ್ಟರಲ್ಲಿ ಏನೋ ಹೊಳೆದು ನನ್ನತ್ತ ತಿರುಗಿದಳು. "ಈಗ ವೈನ್ ಅಂದ್ರಲ್ಲ, ಅಂದ್ರ ಶೆರೇ ಏನು? ಲಿಂಗಪೂಜಿ ತಂಬಿಗ್ಯಾಗ ಶೆರೇ ತಂದಿರೇನು? ಅಯ್ಯ ಶಿವನ, ನಾನೂ ಬಾಯಾಗ ಇಟ್ಟೆನಲ್ಲ!"

ಬಾಗಿಲು ಧಡಾರನೆ ಮುಚ್ಚಿತು. ಊಟವನ್ನು ನಾನೇ ಬಡಿಸಿದೆ. ಸಾಹೇಬರು ಮಾತ್ರ ಲೋಟ ಖಾಲಿ ಮಾಡಿ, ಎರಡು ಹೋಳಿಗೆ ತಿಂದು, ಕೈ ತೊಳೆದರು. ನಾನು ಎದೆ ಗಟ್ಟಿ ಮಾಡಿಕೊಂಡು ಲಾರಿ ವಿಷಯ ತೆಗೆದೆ.

"ನೋಡಿ," ಎಂದರು ಸಾಹೇಬರು. "ಗಣಿಯಲ್ಲಿ ತುಂಬಿದ್ದು ಬಂದರಿನಲ್ಲಿ ಹಾಗೇ ಇಳಿಯಬೇಕು. ನಿಮ್ಮಲ್ಲಿ ಫ್ರಿಜ್ಜಿನಿಂದ ಪಡಸಾಲೆಗೆ ಬರುವಷ್ಟರಲ್ಲೇ ಇಷ್ಟೆಲ್ಲ ಬೆರೆತಿದೆ. ಸಂಡೂರಿನಿಂದ ಸಮುದ್ರ ಮುಟ್ಟುವಷ್ಟರಲ್ಲಿ ಏನೇನು ಬೆರೆತೀತು?"

ಎರಡೂ ಲಾರಿಗೆ ಮತ್ತೆ ಕಂಪ್ಲಿಯ ಭತ್ತವೇ ಗತಿ.

ಕಾರು ಹೊರಟು ನಾಲ್ಕು ಮಾರು ಹೋಗಿ ನಿಂತಿತು. ಗಾಜು ಇಳಿಯಿತು. ಮನಸ್ಸು ಬದಲಾಯಿತೆಂದು ಬರಿಗಾಲಲ್ಲೇ ಓಡಿದೆ.

"ಆ ಪಾನಕಕ್ಕೆ ಬೆಲ್ಲ ಎಷ್ಟು ಹಾಕಿದ್ದು ಅಂತ ನಿಮ್ಮ ಮನೆಯವರನ್ನ ಕೇಳಿ ಹೇಳ್ತೀರಾ?"

ಕೇಳುವುದು ಹೇಗೆ ಸ್ವಾಮಿ! ಆಕೆ ನನ್ನ ಜೊತೆ ಮಾತು ಬಿಟ್ಟು ಆಗಲೇ ಒಂದು ತಾಸಾಗಿತ್ತು.